ಕೊನೆಯ ಮಾತು ಯಾರದು? ತ್ರಿವೇಣಿ ಮತ್ತು ವಾಣಿಯವರ ಪ್ರೇಮಕಾದಂಬರಿಗಳ ಚಿತ್ರರೂಪ

ಕಾದಂಬರಿಯೊಂದು ಸಿನಿಮಾ ಆದಾಗ ನಮ್ಮ ಚರ್ಚೆ ಸಾಮಾನ್ಯವಾಗಿ ಘಟನೆಗಳ ಲೆಕ್ಕದಲ್ಲೇ ಮುಗಿಯುತ್ತದೆ. ಯಾವ ಪಾತ್ರವನ್ನು ಕೈಬಿಟ್ಟರು, ಎಲ್ಲಿ ಹಾಡು ತುರುಕಿದರು ಎಂದು ಎಣಿಸಿ ನಿಷ್ಠೆಯನ್ನು ಅಳೆಯುತ್ತೇವೆ. ಪ್ರೇಮಕಾದಂಬರಿಗಳ ಮಟ್ಟಿಗಾದರೂ ಈ ಅಳತೆ ಸಾಲದು. ಪ್ರೇಮದ ಬಗ್ಗೆ ಕೊನೆಯ ತೀರ್ಮಾನ ಕೈಗೊಳ್ಳುವವರು ಯಾರು ಎಂಬುದನ್ನು ಮೊದಲು ಕೇಳಬೇಕು. 'ಬೆಳ್ಳಿಮೋಡ' (1967), 'ಶರಪಂಜರ' (1972), 'ಎರಡು ಕನಸು' (1974) ಈ ಪರೀಕ್ಷೆಗೆ ತಕ್ಕ ಚಿತ್ರಗಳು. ಮೂರರಲ್ಲೂ ಕಲ್ಪನಾ ಇದ್ದಾರೆ; ನಟಿ ಒಬ್ಬರೇ ಆದುದರಿಂದ ವ್ಯತ್ಯಾಸಗಳು ಇನ್ನಷ್ಟು ನಿಚ್ಚಳವಾಗುತ್ತವೆ.

ತ್ರಿವೇಣಿ (1928–1963) ಮೈಸೂರಿನಲ್ಲಿ ಮನಃಶಾಸ್ತ್ರ ಓದಿದವರು, ಬಿ.ಎಂ.ಶ್ರೀ ಅವರ ತಮ್ಮನ ಮಗಳು. ತಮ್ಮ ಕಾದಂಬರಿಗಳು ಸಿನಿಮಾ ಆದದ್ದನ್ನು ಅವರು ನೋಡಲಿಲ್ಲ. ಪುಟ್ಟಣ್ಣ ಕಣಗಾಲ್ 1966ರಲ್ಲಿ 'ಬೆಕ್ಕಿನ ಕಣ್ಣು' ಕಾದಂಬರಿಯನ್ನು ಮಲಯಾಳಂನಲ್ಲಿ 'ಪೂಚ್ಚಕ್ಕಣ್ಣಿ'ಯಾಗಿಸಿದರು. ಮರುವರ್ಷ ಕನ್ನಡದಲ್ಲಿ ನಿರ್ದೇಶಕರಾಗಿ ಕಾಲಿಟ್ಟದ್ದೂ ತ್ರಿವೇಣಿಯವರ 'ಬೆಳ್ಳಿಮೋಡ'ದಿಂದಲೇ.

'ಬೆಳ್ಳಿಮೋಡ' ಮೇಲ್ನೋಟಕ್ಕೆ ಪ್ರೇಮಕಥೆ. ಒಳಗೆ ಅದು ಆಸ್ತಿಯ ಕಥೆ. ಮಲೆನಾಡಿನ ಎಸ್ಟೇಟಿಗೆ ಇಂದಿರಾ ಒಬ್ಬಳೇ ವಾರಸುದಾರಳು. ಅವಳನ್ನು ಮದುವೆಯಾಗಲಿರುವ ಮೋಹನ ಅವಳ ತಂದೆಯ ದುಡ್ಡಿನಲ್ಲಿ ಅಮೆರಿಕಕ್ಕೆ ಓದಲು ಹೋಗುತ್ತಾನೆ. ಇತ್ತ ಇಂದಿರಾಗೆ ತಮ್ಮ ಹುಟ್ಟುತ್ತಾನೆ. ಆಸ್ತಿ ಕೈತಪ್ಪಿತೆಂದು ತಿಳಿದ ಮೋಹನನ ಪ್ರೀತಿಯೂ ಆರಿಹೋಗುತ್ತದೆ. ಮುಂದೆ ಅವನು ಗಾಯಗೊಂಡು ಹಾಸಿಗೆ ಹಿಡಿದಾಗ ಶುಶ್ರೂಷೆ ಮಾಡುವವಳು ಇದೇ ಇಂದಿರಾ. ಅವನು ಪಶ್ಚಾತ್ತಾಪಪಟ್ಟು ಮತ್ತೆ ಕೈ ಚಾಚುತ್ತಾನೆ. ಅವಳು ಒಲ್ಲೆ ಎನ್ನುತ್ತಾಳೆ. ಜೇನ್ ಆಸ್ಟಿನ್‌ಳ 'ಪ್ರೈಡ್ ಅಂಡ್ ಪ್ರಿಜುಡೀಸ್' (1813) ಜೊತೆಗಿಟ್ಟು ನೋಡಿದರೆ ಈ ನಿರಾಕರಣೆಯ ತೂಕ ತಿಳಿಯುತ್ತದೆ. ಅಲ್ಲಿ ಮನೆಯಲ್ಲಿ ಗಂಡುಮಗುವಿಲ್ಲದ್ದರಿಂದ ಆಸ್ತಿ ಪರರ ಪಾಲಾಗಲಿದೆ, ಇಲ್ಲಿ ಗಂಡುಮಗು ಹುಟ್ಟಿದ್ದರಿಂದ ಮದುವೆ ಮುರಿಯುತ್ತದೆ. ಡಾರ್ಸಿ ಎರಡನೆಯ ಸಲ ಕೇಳಿದಾಗ ಎಲಿಜಬೆತ್ ಒಪ್ಪುತ್ತಾಳೆ. ಮೋಹನನಿಗೆ ಆ ಭಾಗ್ಯವಿಲ್ಲ. ನಾಯಕ ನಾಯಕಿ ಒಂದಾಗಲೇಬೇಕೆಂದು ಬಯಸುವ ಪ್ರೇಕ್ಷಕರ ಮುಂದೆ, ಕನ್ನಡದ ಮೊದಲ ಚಿತ್ರದಲ್ಲೇ, ಪುಟ್ಟಣ್ಣ ಈ 'ಒಲ್ಲೆ'ಯನ್ನು ಮೆತ್ತಗಾಗಿಸದೆ ಉಳಿಸಿದರು. ನನ್ನ ದೃಷ್ಟಿಯಲ್ಲಿ ರೂಪಾಂತರದ ನಿಷ್ಠೆ ಎಂದರೆ ಇದು.

ತ್ರಿವೇಣಿಯವರ ಗದ್ಯ ಪಾತ್ರದ ಮನಸ್ಸಿನೊಳಗೆ ಸಲೀಸಾಗಿ ಓಡಾಡುತ್ತದೆ. ಕ್ಯಾಮೆರಾಗೆ ಆ ಸಲಿಗೆಯಿಲ್ಲ. ಪುಟ್ಟಣ್ಣ ಆ ಜಾಗವನ್ನು ಬೆಟ್ಟ, ಮಂಜು ಮತ್ತು ಬೇಂದ್ರೆಯವರಿಂದ ತುಂಬಿದರು. 'ಬೆಳ್ಳಿಮೋಡ'ಕ್ಕೆ 'ಬೆಳಗು' ಕವಿತೆ ಬಂತು, 'ಶರಪಂಜರ'ಕ್ಕೆ ಬೇಂದ್ರೆಯವರದೇ ಮತ್ತೊಂದು. ಎರಡಕ್ಕೂ ರಾಗ ಹಾಕಿದವರು ವಿಜಯಭಾಸ್ಕರ್. ಕಾದಂಬರಿಯ ಸಾಲುಗಳನ್ನು ಸಂಭಾಷಣೆಯಾಗಿ ಒಪ್ಪಿಸುವುದಕ್ಕಿಂತ ಇದು ಜಾಣತನದ ದಾರಿ. ಆದರೆ ಬೆಲೆ ತೆತ್ತದ್ದೂ ಉಂಟು: ಹಾಡಿನ ಹೊತ್ತಿನಲ್ಲಿ ನಾಯಕಿಯ ಯೋಚನೆ ಪ್ರಕೃತಿಯ ಸೊಬಗಿನಲ್ಲಿ ಕರಗಿಹೋಗುತ್ತದೆ.

'ಶರಪಂಜರ'ದಲ್ಲಿ ಹಾಗೆ ಕರಗಲು ಎಡೆಯಿಲ್ಲ. ಕಾವೇರಿ, ಸತೀಶ ಮೆಚ್ಚಿ ಮದುವೆಯಾದವರು. ಹೆರಿಗೆಯ ನಂತರ ಕಾವೇರಿಯ ಮನಸ್ಸು ಕದಡುತ್ತದೆ. ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಮರಳುತ್ತಾಳೆ. ಅವಳು ಗುಣವಾದಳೆಂಬುದನ್ನು ನಂಬದವರು ಮನೆಯವರು, ನೆರೆಯವರು, ಕೊನೆಗೆ ಗಂಡ. ಇತರ ಪ್ರೇಮಚಿತ್ರಗಳು ಮುಗಿಯುವ ಮದುವೆಯ ಮಂಟಪದಿಂದ ಈ ಕಥೆಯ ನಿಜವಾದ ಆರಂಭ. ನಿರಾಕರಿಸುವ ಶಕ್ತಿ ಇಂದಿರಾಗೆ ಇತ್ತು. ಕಾವೇರಿಯ ಮಾತನ್ನು ಹುಚ್ಚಿನ ಮಾತೆಂದು ತಳ್ಳಿಹಾಕಿದ ಮೇಲೆ ಅವಳ ಹೌದು, ಅಲ್ಲ ಎರಡಕ್ಕೂ ಬೆಲೆಯಿಲ್ಲ. ಕಲ್ಪನಾ ಅವರ ಅಭಿನಯ ಅಲ್ಲಲ್ಲಿ ಅತಿಯಾಯಿತೆಂಬ ಆಕ್ಷೇಪವನ್ನು ನಾನು ಪೂರ್ತಿ ತಳ್ಳಿಹಾಕಲಾರೆ. ಆದರೂ ಉಪಚಾರದ ಮಾತುಗಳ ನಡುವೆ ಕೂಗಿ ಹೇಳದೆ ಕಾವೇರಿಗೆ ಗತಿಯಿರಲಿಲ್ಲ.

ಈ ಚಿತ್ರಗಳನ್ನು ನೋಡಲು ತ್ರಿವೇಣಿ ಇರಲಿಲ್ಲ; ಬದುಕಿದ್ದ ಲೇಖಕರು ಇಂಥ ರೂಪಾಂತರಗಳನ್ನು ಇಷ್ಟು ಸುಲಭವಾಗಿ ಒಪ್ಪುತ್ತಿರಲಿಲ್ಲವೇನೋ. ಮೂರು ಕಾದಂಬರಿಗಳನ್ನು ಕೂಡಿಸಿ ಮಾಡಿದ 'ನಾಗರಹಾವು' (1972) ತ.ರಾ.ಸು. ಅವರಿಗೆ ರುಚಿಸಲಿಲ್ಲ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಆ ಕಥೆ ಹಿಂದಿಗೆ ಹೋಗಿ 'ಜಹರೀಲಾ ಇನ್ಸಾನ್' (1974) ಆಯಿತು, ಎಂ.ಕೆ. ಇಂದಿರಾ ಅವರ 'ಗೆಜ್ಜೆ ಪೂಜೆ' 'ಆಹಿಸ್ತಾ ಆಹಿಸ್ತಾ' (1981) ಆಯಿತು.  ಕಥೆ ಹಿಂದಿಗೆ ಹೋಗುವಷ್ಟರಲ್ಲಿ ಮೂಲ ಲೇಖಕರು ಎರಡು ಮೆಟ್ಟಿಲು ಹಿಂದೆ ಸರಿದಿರುತ್ತಾರೆ.

ವಾಣಿಯವರ ಕಾದಂಬರಿಯನ್ನು ಆಧರಿಸಿ ದೊರೈ–ಭಗವಾನ್ ನಿರ್ದೇಶಿಸಿದ 'ಎರಡು ಕನಸು' ಹೆಚ್ಚು ಜನಪ್ರಿಯ, ಹೆಚ್ಚು ಹಿತವಾದ ಚಿತ್ರ. ಪ್ರಶ್ನೆ ಇರುವುದೂ ಅಲ್ಲೇ. ರಾಜ್‌ಕುಮಾರ್ ಅವರ ರಾಮಚಂದ್ರ, ಕೈತಪ್ಪಿದ ಲಲಿತೆಯ ನೆನಪಿನಲ್ಲಿ ಹೆಂಡತಿ ಗೌರಿಯನ್ನು ದೂರವಿಡುತ್ತಾನೆ. ಲಲಿತೆ ತನ್ನ ಸಂಸಾರದಲ್ಲಿ ನೆಮ್ಮದಿಯಾಗಿರುವುದನ್ನು ಕಂಡ ಮೇಲಷ್ಟೇ ಗೌರಿಯತ್ತ ತಿರುಗುತ್ತಾನೆ. ಪ್ರೀತಿಸುವುದು, ತೊರೆಯುವುದು, ಮರಳುವುದು ಎಲ್ಲವೂ ಅವನ ಇಚ್ಛೆಯಂತೆ. ಎಸ್. ಜಾನಕಿ ಹಾಡಿದ ಪ್ರಸಿದ್ಧ ಪೂಜೆಯ ಗೀತೆಯಲ್ಲಿ ಗೌರಿ ದಯೆ ಬೇಡುವುದು ಶ್ರೀರಾಮನಲ್ಲಿ. ಗಂಡನ ಹೆಸರೂ ಅದೇ. ಚಿ. ಉದಯಶಂಕರ್ ಅವರ ಈ ಜೋಡಣೆ ಸೊಗಸಾಗಿದೆ, ರಾಜನ್–ನಾಗೇಂದ್ರರ ರಾಗ ಇನ್ನೂ ಸೊಗಸು. ಏಳು ವರ್ಷ ಹಿಂದೆ ಇಂದಿರಾ ಆಗಿ ಒಲ್ಲೆನೆಂದ ಅದೇ ಕಲ್ಪನಾ ಇಲ್ಲಿ ಕೈಮುಗಿದು ಕಾಯುತ್ತಾರೆ.