ನಾಲ್ಕನೆಯವಳು

ಐವತ್ತು ದಾಟಿದ ಹೆಂಗಸು, ಅದೂ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವ ಟೀಚರಮ್ಮ, ರಾತ್ರಿ ಊಟದ ಪಾತ್ರೆಗಳನ್ನು ತೊಳೆದು ಬೋರಲು ಹಾಕಿ, ಸೆರಗಿಗೆ ಕೈಯೊರೆಸಿಕೊಂಡು, ಬಂದೂಕು ಹಿಡಿದು ಜೋಂಬಿಗಳನ್ನು ಕೊಲ್ಲಲು ಕೂರುತ್ತಾಳೆಂದರೆ ಯಾರು ನಂಬುತ್ತಾರೆ? ನಮ್ಮ ಸ್ಟಾಫ್ ರೂಮಿನಲ್ಲಿ ಈ ವಿಷಯವನ್ನು ನಾನು ಈವರೆಗೆ ಬಾಯಿಬಿಟ್ಟಿಲ್ಲ. ಆದರೆ 2020ರ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ನಾನು ಮಾಡಿದ್ದು ಅದನ್ನೇ.

ಶಾಲೆ ಮುಚ್ಚಿತ್ತು. ಬೆಂಗಳೂರಿನಲ್ಲಿ ಕೆಲಸಕ್ಕಿದ್ದ ಮಗ ಮಾರ್ಚಿಯಲ್ಲೇ ಊರಿಗೆ ಬಂದಿದ್ದ. ಹಗಲೆಲ್ಲ ಆಫೀಸಿನ ಕೆಲಸ. ರಾತ್ರಿ ಒಂಬತ್ತೂವರೆಯಾಯಿತೆಂದರೆ ಕಿವಿಗೆ ಹೆಡ್‌ಫೋನು. ಕಾಲೇಜಿನ ದಿನಗಳಿಂದ ಅವನೂ ಅವನ ಮೂವರು ಗೆಳೆಯರೂ ಆಡಿಕೊಂಡು ಬಂದ ಆಟವೊಂದಿದೆ: ‘ಲೆಫ್ಟ್ 4 ಡೆಡ್’. ಹೆಸರಿನ ನಡುವೆ ಅಂಕಿ ನಾಲ್ಕು. ಆಡುವವರೂ ನಾಲ್ವರೇ. ಅದರ ಚಿತ್ರದಲ್ಲಿ ಹೆಬ್ಬೆರಳು ಕಿತ್ತುಹೋದ, ನಾಲ್ಕೇ ಬೆರಳಿನ ಹಸ್ತ. ಅದನ್ನು ಮೊದಲ ಸಲ ನೋಡಿದಾಗ ನನಗೆ ಏಕಲವ್ಯನ ನೆನಪಾಗಿತ್ತು! ಆ ನಾಲ್ವರಲ್ಲಿ ಒಬ್ಬನಿಗೆ ರಾತ್ರಿ ಪಾಳಿ ಬಂತು. ಆಟಗಾರ ಬಾರದಿದ್ದರೆ ಅವನ ಜಾಗದಲ್ಲಿ ಕಂಪ್ಯೂಟರೇ ನಿಂತು ಆಡುತ್ತದೆ. ಅದು ಮಗನಿಗೆ ಸರಿಬರಲಿಲ್ಲ.

“ಅಮ್ಮ, ನಿನ್ನ ಲ್ಯಾಪ್‌ಟಾಪಲ್ಲಿ ಹಾಕ್ಕೊಡ್ತೀನಿ, ನೀನು ಬಾ. ಕಂಪ್ಯೂಟರಿಗಿಂತ ಕೆಟ್ಟದಾಗಿ ಆಡೋಕೆ ಯಾರ ಕೈಲೂ ಆಗಲ್ಲ” ಅಂದ.

ಅವನ ಮಾತನ್ನು ನಾನು ಸುಳ್ಳು ಮಾಡಿದೆ. ಎಡಗೈಯ ಕೀಲಿಗಳಿಂದ ನಡೆಯಬೇಕು, ಬಲಗೈಯ ಮೌಸಿನಿಂದ ಕತ್ತು ತಿರುಗಿಸಬೇಕು. ಮೊದಲ ವಾರವೆಲ್ಲ ನಾನು ಆಕಾಶವನ್ನೇ ನೋಡಿಕೊಂಡು ನಡೆದೆ. ಈ ಆಟದಲ್ಲಿ ನಮ್ಮವರ ಗುಂಡು ನಮ್ಮವರಿಗೂ ತಗಲುತ್ತದೆ. ಹೆತ್ತ ಮಗನ ಬೆನ್ನಿಗೇ ಎಷ್ಟು ಸಲ ಹೊಡೆದೆನೋ ಲೆಕ್ಕವಿಟ್ಟಿಲ್ಲ. ಗೆಳೆಯರಲ್ಲಿ ಒಬ್ಬ ನನ್ನ ಹಳೆಯ ವಿದ್ಯಾರ್ಥಿ. “ಮಿಸ್, ಹಿಂದೆ, ಹಿಂದೆ!” ಎಂದು ಅವನು ಕೂಗುವಷ್ಟರಲ್ಲಿ ನಾನು ನೆಲದ ಮೇಲಿರುತ್ತಿದ್ದೆ. ಆಟದ ನಾಲ್ಕು ಪಾತ್ರಗಳಲ್ಲಿ ಬಿಲ್ ಎಂಬ ಮುದುಕನನ್ನು ನನಗೆ ಕೊಟ್ಟಿದ್ದರು. ವಿಯೆಟ್ನಾಂ ಯುದ್ಧದಲ್ಲಿ ಕಾದಾಡಿ ಬಂದವನು, ಬಾಯಲ್ಲಿ ಸಿಗರೇಟು. ವಯಸ್ಸಿಗೆ ಅವನೇ ಹೊಂದಿಕೆ ಎಂದಿದ್ದರಬೇಕು.

ಕತೆ ಇಷ್ಟೇ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ರೋಗವೊಂದು ಹಬ್ಬಿ ಜನರೆಲ್ಲ ಬುದ್ಧಿಗೆಟ್ಟು ಎರಗುತ್ತಿದ್ದಾರೆ. ಉಳಿದ ನಾಲ್ವರು ಒಂದು ಕೆಂಪು ಕಬ್ಬಿಣದ ಬಾಗಿಲಿನ ಕೋಣೆಯಿಂದ ಇನ್ನೊಂದು ಅಂಥ ಕೋಣೆಗೆ ಜೀವ ಹಿಡಿದು ಓಡಬೇಕು.

ಜೋಂಬಿ ಎನ್ನುವ ಈ ಶಬ್ದ ಯಾವ ದೇಶದ್ದೆಂದು ಮಗನನ್ನು ಕೇಳಿದೆ. ಅವನು “ಹಾಲಿವುಡ್ಡು” ಎಂದ. ಮೇಷ್ಟ್ರ ಜಾತಿ ಅಷ್ಟಕ್ಕೆ ಬಿಡುವುದಿಲ್ಲ. ಹಗಲು ಹೊತ್ತು ಬೇಕಾದಷ್ಟಿತ್ತು, ಹುಡುಕಿ ಓದಿದೆ. ಓದಿದ ಮೇಲೆ ನಾಚಿಕೆಯಾಯಿತು. ಇಪ್ಪತ್ತೈದು ವರ್ಷ ಫ್ರಾನ್ಸಿನ ಕ್ರಾಂತಿಯ ಪಾಠ ಮಾಡಿದವಳು ನಾನು. 1789, ಬ್ಯಾಸ್ಟಿಲ್ ಸೆರೆಮನೆ, ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವ ಎಂದು ಮಕ್ಕಳಿಂದ ಬಾಯಿಪಾಠ ಹೇಳಿಸಿದವಳು. ಅದೇ ಹೊತ್ತಿಗೆ ಅದೇ ಫ್ರಾನ್ಸಿನ ವಸಾಹತಾಗಿದ್ದ ಸೇಂಟ್ ಡೊಮಿಂಗ್‌ನಲ್ಲಿ ಸುಮಾರು 5 ಲಕ್ಷ ಆಫ್ರಿಕನ್ ಗುಲಾಮರು ಕಬ್ಬಿನ ಗದ್ದೆ, ಕಾಫಿ ತೋಟಗಳಲ್ಲಿ ದುಡಿದು ಸಾಯುತ್ತಿದ್ದರು ಎಂಬುದನ್ನು ಒಂದು ದಿನವೂ ತರಗತಿಯಲ್ಲಿ ಹೇಳಿದವಳಲ್ಲ. 1791ರ ಆಗಸ್ಟಿನಲ್ಲಿ ಆ ಜನ ದಂಗೆಯೆದ್ದರು. ಅವರ ಮುಂದಾಳು ಟೂಸ್ಸಾಂ ಲೂವರ್ಚ್ಯೂರನನ್ನು ಹಿಡಿದು ಫ್ರಾನ್ಸಿಗೆ ಒಯ್ದರು; ಚಳಿಯ ಬೆಟ್ಟದ ಸೆರೆಮನೆಯಲ್ಲಿ ಅವನು 1803ರಲ್ಲಿ ಸತ್ತ. ಆದರೂ 1804ರ ಜನವರಿ 1ರಂದು ಆ ನಾಡು ಹೈಟಿ ಎಂಬ ಸ್ವತಂತ್ರ ದೇಶವಾಯಿತು. ಗೆದ್ದ ತಪ್ಪಿಗೆ ದಂಡವನ್ನೂ ತೆರಬೇಕಾಯಿತು ಅನ್ನಿ. 1825ರಲ್ಲಿ ಫ್ರಾನ್ಸ್ ಯುದ್ಧನೌಕೆಗಳನ್ನು ತಂದು ನಿಲ್ಲಿಸಿ 15 ಕೋಟಿ ಫ್ರಾಂಕು ಪರಿಹಾರ ಬರೆಸಿಕೊಂಡಿತು. ಯಾರಿಗೆ ಪರಿಹಾರ? ಗುಲಾಮರನ್ನು ಕಳೆದುಕೊಂಡ ಒಡೆಯರಿಗೆ!

ಜೋಂಬಿ ಹುಟ್ಟಿದ್ದು ಈ ಮಣ್ಣಿನಲ್ಲಿ. ಸತ್ತರೆ ಸಮುದ್ರದಾಚೆಯ ತಮ್ಮ ಆಫ್ರಿಕಕ್ಕೆ ಮರಳುತ್ತೇವೆಂದು ಆ ಜನ ನಂಬಿದ್ದರು. ಸಾವೊಂದೇ ಅವರಿಗಿದ್ದ ರಜೆ. ಆ ರಜೆಯನ್ನೂ ಕಸಿದುಕೊಂಡು, ಮಂತ್ರವಾದಿಯೊಬ್ಬ ಹೆಣವನ್ನೆಬ್ಬಿಸಿ ಮತ್ತೆ ಗದ್ದೆಗೆ ದುಡಿಯಲು ಹಚ್ಚಿದರೆ? ಅದೇ ಜೋಂಬಿ. ಹೈಟಿಯವರು ಹೆದರಿದ್ದು ಜೋಂಬಿ ಬಂದು ತಮ್ಮನ್ನು ಕಚ್ಚೀತೆಂದಲ್ಲ, ತಾವೇ ಜೋಂಬಿಯಾದೇವೆಂದು. ಇದನ್ನು ಓದಿದ ರಾತ್ರಿ ನನಗೆ ಬಂದೂಕು ಎತ್ತಲು ಮನಸ್ಸೇ ಬರಲಿಲ್ಲ.

1915ರಿಂದ 1934ರವರೆಗೆ ಹೈಟಿ ಅಮೆರಿಕದ ಸೈನ್ಯದ ಕೈಯಲ್ಲಿತ್ತು. ಆ ಕಾಲದಲ್ಲಿ ಅಲ್ಲಿಗೆ ಹೋದ ವಿಲಿಯಂ ಸೀಬ್ರೂಕ್ ಎಂಬ ಅಮೆರಿಕನ್ ಬರಹಗಾರ, ರೈತನೊಬ್ಬನಿಂದ ಕೇಳಿದ ಕತೆಯೊಂದನ್ನು 1929ರ ತನ್ನ ಪುಸ್ತಕದಲ್ಲಿ ಬರೆದ. ಸಕ್ಕರೆ ಕಂಪನಿಯೊಂದರ ಕಬ್ಬಿನ ಗದ್ದೆಗೆ ಮೇಸ್ತ್ರಿಯೊಬ್ಬ ಜೋಂಬಿಗಳ ಗುಂಪನ್ನು ಕೂಲಿಗೆ ತರುತ್ತಾನೆ. ದುಡಿಮೆ ಅವರದು, ಕೂಲಿಯ ಹಣ ಇವನ ಜೇಬಿಗೆ. ಅಡುಗೆ ಮಾಡಿ ಬಡಿಸುವುದು ಇವನ ಹೆಂಡತಿ. ಒಂದೇ ಕಟ್ಟಳೆ: ಅನ್ನಕ್ಕೆ ಉಪ್ಪು ಹಾಕಕೂಡದು. ಒಂದು ಹಬ್ಬದ ದಿನ ಆಕೆಗೆ ಕನಿಕರವಾಗಿ ಅವರಿಗೆ ಮಿಠಾಯಿ ಕೊಡಿಸುತ್ತಾಳೆ. ಅದರೊಳಗಿನ ಬೀಜಗಳಿಗೆ ಉಪ್ಪು ಹಾಕಿದ್ದರೆಂದು ಅವಳಿಗೆ ತಿಳಿಯದು. ಉಪ್ಪು ನಾಲಗೆಗೆ ತಗುಲಿದ್ದೇ ತಡ, ತಾವು ಸತ್ತವರೆಂಬ ಅರಿವು ಅವರಿಗೆ ಬರುತ್ತದೆ. ಒಮ್ಮೆ ಚೀರಿ, ಎದ್ದು, ಸಾಲಾಗಿ ಊರಿನ ದಾರಿ ಹಿಡಿದು ನಡೆದು ತಮ್ಮ ತಮ್ಮ ಗೋರಿ ಸೇರುತ್ತಾರೆ. ನಮ್ಮಲ್ಲಿ ಉಪ್ಪಿನ ಋಣ ಎನ್ನುತ್ತೇವೆ. ಉಂಡವನನ್ನು ಉಪ್ಪು ಒಡೆಯನಿಗೆ ಕಟ್ಟಿಹಾಕುತ್ತದೆ. ಅಲ್ಲಿ ಉಪ್ಪೇ ಕಟ್ಟು ಬಿಚ್ಚಿತು. ಬಿಚ್ಚಿದ್ದೂ ಅಡುಗೆಮನೆಯ ಹೆಂಗಸು, ಅದೂ ಗೊತ್ತಿಲ್ಲದೆ.

1936ರಲ್ಲಿ ಹೈಟಿಗೆ ಹೋದ ಜೋರಾ ನೀಲ್ ಹರ್ಸ್ಟನ್ ಎಂಬ ಕಪ್ಪು ಲೇಖಕಿ ಆಸ್ಪತ್ರೆಯೊಂದರಲ್ಲಿ ಜೋಂಬಿಯೆಂದು ಹೆಸರಾಗಿದ್ದ ಹೆಂಗಸೊಬ್ಬಳನ್ನು ಕಂಡು ಫೋಟೋ ತೆಗೆದಳು. ಆ ಹೆಂಗಸು ತಲೆಯ ಮೇಲೆ ಬಟ್ಟೆಯೆಳೆದುಕೊಂಡು ಮುದುರಿ ಕೂತಿದ್ದಳಂತೆ. ನನಗೇನೋ ಅವಳು ಜೋಂಬಿಯಂತೆ ತೋರಲಿಲ್ಲ. ಯಾರಿಗೂ ಬೇಡವಾದ ಹೆಂಗಸಿನಂತೆ ತೋರಿದಳು.

ಸಿನಿಮಾದವರು ಬಿಡುತ್ತಾರೆಯೇ? 1932ರ ‘ವೈಟ್ ಜೋಂಬಿ’ಯಲ್ಲಿ ಸಕ್ಕರೆ ಗಿರಣಿ ತಿರುಗಿಸುವ ಜೋಂಬಿಗಳಿದ್ದಾರೆ. ಒಬ್ಬ ಗಿರಣಿಯೊಳಗೆ ಬಿದ್ದರೂ ಉಳಿದವರು ತಿರುಗಿಸುತ್ತಲೇ ಇರುತ್ತಾರೆ. ಅಷ್ಟರಮಟ್ಟಿಗೆ ಹಳೆಯ ದುಃಖದ ನೆರಳು ಉಳಿದಿತ್ತು. 1968ರಲ್ಲಿ ಪೆನ್ಸಿಲ್ವೇನಿಯಾದ ಪಿಟ್ಸ್‌ಬರ್ಗಿನ ಆಸುಪಾಸಿನಲ್ಲಿ ಜಾರ್ಜ್ ರೊಮೆರೊ ಅತಿ ಕಡಿಮೆ ಖರ್ಚಿನಲ್ಲಿ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ ತೆಗೆದ. ಒಡೆಯನೂ ಹೋದ, ಗದ್ದೆಯೂ ಹೋಯಿತು. ಮನುಷ್ಯರನ್ನು ತಿನ್ನುವ ಹೆಣಗಳ ಹಿಂಡೊಂದೇ ಉಳಿಯಿತು. ಅದರಲ್ಲಿ ಜೋಂಬಿ ಎಂಬ ಶಬ್ದವನ್ನು ಯಾರೂ ಆಡುವುದಿಲ್ಲ. ಒಂದು ಮನೆಯೊಳಗೆ ಸಿಕ್ಕಿಕೊಂಡವರು ನೆಲಮಾಳಿಗೆಗೆ ಹೋಗಬೇಕೋ ಮೇಲೇ ಇರಬೇಕೋ ಎಂದು ಜಗಳವಾಡಿಯೇ ಹಾಳಾಗುತ್ತಾರೆ. ರಾತ್ರಿಯಿಡೀ ಹೋರಾಡಿ ಉಳಿದ ಕಪ್ಪು ನಾಯಕನನ್ನು ಬೆಳಗ್ಗೆ ಬಂದ ಬಂದೂಕಿನ ಬಿಳಿಯರು ಅವನೂ ಹೆಣವೆಂದು ತಿಳಿದು ಹೊಡೆದು ಕೊಲ್ಲುತ್ತಾರೆ.

ನಮ್ಮ ಆಟದ ಊರೂ ಅದೇ ಪೆನ್ಸಿಲ್ವೇನಿಯಾ. ಕ್ಯಾಲಿಫೋರ್ನಿಯಾದ ಟರ್ಟಲ್ ರಾಕ್ ಎಂಬ ಸಣ್ಣ ಕಂಪನಿಯ ಮೈಕ್ ಬೂತ್ ಮತ್ತು ಅವನ ಸಂಗಡಿಗರು ‘ಕೌಂಟರ್ ಸ್ಟ್ರೈಕ್’ ಎಂಬ ಬೇರೊಂದು ಆಟಕ್ಕೆ ಕೆಲಸ ಮಾಡುತ್ತಿದ್ದಾಗ, ಬಂದೂಕು ಹಿಡಿದ ಕೆಲವೇ ಮಂದಿಯ ಮೇಲೆ, ಬರೀ ಚಾಕು ಹಿಡಿದ ಕಂಪ್ಯೂಟರ್ ಬೊಂಬೆಗಳ ದಂಡನ್ನು ಬಿಟ್ಟು ನೋಡಿದರಂತೆ. ಅದರಲ್ಲಿ ಅವರಿಗೆ ವಿಪರೀತ ಮಜಾ ಸಿಕ್ಕಿತು. ಆ ಮಜಾ ಬೆಳೆದು, ವಾಲ್ವ್ ಕಂಪನಿಯ ಮೂಲಕ 2008ರ ನವೆಂಬರಿನಲ್ಲಿ ಈ ಆಟವಾಗಿ ಹೊರಬಂತು. ಇದರೊಳಗೆ ‘ಡೈರೆಕ್ಟರ್’ ಎಂಬ ಕಾಣದ ಲೆಕ್ಕಾಚಾರವೊಂದಿದೆ. ಆಡುವವರು ಎಷ್ಟು ಗಾಬರಿಯಾಗಿದ್ದಾರೆ, ಎಷ್ಟು ಪೆಟ್ಟು ತಿಂದಿದ್ದಾರೆ ಎಂದು ಅಳೆದು, ಒಮ್ಮೆ ಹಿಂಡನ್ನು ನುಗ್ಗಿಸುತ್ತದೆ, ಒಮ್ಮೆ ಉಸಿರಾಡಲು ಬಿಡುತ್ತದೆ. ಹಳೇ ಕಾಲದ ಅತ್ತೆಯಂತೆ.

ನಾನು ಒಪ್ಪಿಕೊಂಡದ್ದು ಈ ಆಟದ ಒಂದು ನಿಯಮವನ್ನು. ಹಾರಿ ಎದೆಯ ಮೇಲೆ ಕೂರುವ ‘ಹಂಟರ್’ ಎಂಬುದೊಂದಿದೆ. ಉದ್ದ ನಾಲಗೆಯಿಂದ ಕೊರಳಿಗೆ ಸುತ್ತಿ ಎಳೆದೊಯ್ಯುವ ‘ಸ್ಮೋಕರ್’ ಎಂಬುದೊಂದಿದೆ. ಅವು ಹಿಡಿದ ಮೇಲೆ ನಿಮ್ಮ ಬಂದೂಕಿದ್ದೂ ಉಪಯೋಗವಿಲ್ಲ, ಜಾಣತನವಿದ್ದೂ ಉಪಯೋಗವಿಲ್ಲ. ಇನ್ನೊಬ್ಬರು ಬಂದು ಬಿಡಿಸಬೇಕು. ನೆಲಕ್ಕೆ ಬಿದ್ದರೂ ಅಷ್ಟೇ, ಇನ್ನೊಬ್ಬರು ಕೈಕೊಟ್ಟು ಎಬ್ಬಿಸಬೇಕು. ಅವರು ಎಬ್ಬಿಸುವಷ್ಟು ಹೊತ್ತೂ ಹಿಂಡು ಅವರನ್ನೇ ಬಡಿಯುತ್ತಿರುತ್ತದೆ. ನಾನು ಬಿದ್ದಾಗೆಲ್ಲ ಯಾರಾದರೊಬ್ಬ ಓಡಿ ಬರುತ್ತಿದ್ದ. “ಅಮ್ಮ, ಅಲ್ಲೇ ಇರು, ಬಂದೆ” ಎಂಬ ಮಗನ ದನಿ ಕೇಳಲಿಕ್ಕೆಂದೇ ಒಂದೆರಡು ಸಲ ಬೇಕೆಂತಲೇ ಬಿದ್ದಿದ್ದೇನೆ. ಹಗಲು ಅವನು ನನ್ನೊಡನೆ ಮಾತಾಡುತ್ತಿದ್ದುದು ಕಾಫಿಗೆ, ಚಾರ್ಜರಿಗೆ ಅಷ್ಟೇ.

ಇನ್ನೊಂದಿದೆ, ‘ವಿಚ್’. ಕತ್ತಲೆಯಲ್ಲೆಲ್ಲೋ ಕೂತು ಅಳುವ ಹೆಂಗಸು. ಅಳು ಕೇಳಿಸಿದೊಡನೆ ಟಾರ್ಚು ಆರಿಸಿ, ಮಾತಿಲ್ಲದೆ, ಗೋಡೆಯ ಪಕ್ಕ ದಾಟಿಹೋಗಬೇಕು. ಕೆಣಕಿದರೆ ಕೆಟ್ಟೆವು.

ಈ ಆಟದಲ್ಲಿ ಎರಗಿ ಬರುವವರು ಸತ್ತು ಎದ್ದವರಲ್ಲ, ರೋಗ ತಗುಲಿದವರು. ಇಂಗ್ಲಿಷಿನ ಆ ಶಬ್ದಕ್ಕೆ ಕನ್ನಡದಲ್ಲಿ ಏನನ್ನುತ್ತಾರೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಆ ವರ್ಷ ದಿನವೂ ಸಂಜೆ ಟಿ.ವಿ.ಯಲ್ಲಿ ಜಿಲ್ಲಾವಾರು ಲೆಕ್ಕ ಬರುತ್ತಿತ್ತಲ್ಲ, ಸೋಂಕಿತರು.

ಜುಲೈ ಮೂರನೆಯ ವಾರ ನಮ್ಮ ಎದುರುಮನೆ ಸೀಲ್‌ಡೌನ್ ಆಯಿತು. ಅಲ್ಲಿದ್ದದ್ದು ಒಬ್ಬರೇ ಅಜ್ಜಿ. ಆಂಬುಲೆನ್ಸು ಬರುವುದು ಮಧ್ಯಾಹ್ನವಾಯಿತು. ಅಷ್ಟು ಹೊತ್ತೂ ಅವರು ಚೀಲವೊಂದನ್ನು ತೊಡೆಯ ಮೇಲಿಟ್ಟುಕೊಂಡು ಜಗಲಿಯಲ್ಲಿ ಕೂತಿದ್ದರು. ಒಂದು ಸಲ ಸೆರಗಿನಿಂದ ಕಣ್ಣೊರೆಸಿಕೊಂಡರು. ಬೀದಿಯ ಹತ್ತು ಮನೆಯವರೂ ಕಿಟಕಿಯಲ್ಲಿದ್ದೆವು. ನನ್ನ ಒಲೆಯ ಮೇಲೆ ಬಿಸಿ ಉಪ್ಪಿಟ್ಟಿತ್ತು. ಒಂದು ಡಬ್ಬಿಯಲ್ಲಿ ಹಾಕಿ ಗೇಟಿನ ಬಳಿ ಇಟ್ಟು ಬರಬಹುದಾಗಿತ್ತು. ಕಿಟಕಿಯ ಪರದೆ ಎಳೆದೆ.

ಅದೇ ವಾರ, ಆಟದಲ್ಲಿ ನಾನು ಮೊದಲ ಬಾರಿಗೆ ಎಲ್ಲರಿಗಿಂತ ಮುಂಚೆ ಕೆಂಪು ಬಾಗಿಲನ್ನು ಮುಟ್ಟಿದೆ. ಮಗನೂ ಇನ್ನೊಬ್ಬನೂ ಹಿಂದೆಯೇ ಒಳಬಂದರು. ನನ್ನ ಶಿಷ್ಯ ಹೊರಗೆ ಹತ್ತು ಮಾರು ದೂರದಲ್ಲಿ ಬಿದ್ದಿದ್ದ. ಹಿಂಡು ಬರುವ ಸದ್ದು ಕೇಳಿತು. ನಾನು ಬಾಗಿಲು ಹಾಕಿಬಿಟ್ಟೆ. ಅಲ್ಲಿಗೆ ಆ ಅಧ್ಯಾಯ ಮುಗಿಯಿತು.

“ಮಿಸ್, ನಾನಿನ್ನೂ ಹೊರಗಿದ್ದೆ” ಅಂದ ಅವನು, ನಗುತ್ತಲೇ.

ಆಟದಲ್ಲಿ ಹಾಗೆ ಬಿಟ್ಟುಬಂದವರು ಮುಂದಿನ ಅಧ್ಯಾಯದಲ್ಲಿ ಅರ್ಧ ಪ್ರಾಣದೊಡನೆ ಎದ್ದು ಬರುತ್ತಾರೆ. ಅವನೂ ಬಂದ. ಹುಡುಗರು ಅದನ್ನು ಮರೆತರು. ನಾನು ಆ ರಾತ್ರಿ ಬೇಗ ಏಳುತ್ತೇನೆಂದು ನೆಪ ಹೇಳಿ ಮಲಗಿದೆ.

ಅಜ್ಜಿ ಆಗಸ್ಟ್ ಮೊದಲ ವಾರ ಗುಣವಾಗಿ ಬಂದರು. ತುಂಬ ಇಳಿದುಹೋಗಿದ್ದರು. ಎರಡು ದಿನ ಕಳೆದು, ನಾನು ಗೇಟಿನ ಬಳಿ ಹಾಲಿನ ಪ್ಯಾಕೆಟ್ಟು ತೆಗೆದುಕೊಳ್ಳುತ್ತಿದ್ದಾಗ ರಸ್ತೆ ದಾಟಿ ಬಂದು, “ನಿಮ್ಮ ಮಗ ಊರಲ್ಲೇ ಇದಾನಲ್ಲ, ಅವನಿಗೆ ಇಷ್ಟ” ಎಂದು ಒಂದು ಸಣ್ಣ ಭರಣಿ ಕೊಟ್ಟರು. ಆ ವರ್ಷ ಹಾಕಿದ ಮಾವಿನ ಮಿಡಿಯ ಉಪ್ಪಿನಕಾಯಿ. “ಊಟಕ್ಕೇನು ಮಾಡಿಕೊಳ್ತಿದೀರಿ?” ಎಂದೇನೋ ಕೇಳಿದೆ. ಅವರೇನು ಹೇಳಿದರೋ ಕಿವಿಗೆ ಬೀಳಲಿಲ್ಲ. ಭರಣಿಯನ್ನು ಒಳಗೆ ತಂದು, ಮಗ ನೋಡದಂತೆ, ಸ್ಯಾನಿಟೈಸರ್ ಹಚ್ಚಿ ಸುತ್ತ ಒರೆಸಿದೆ.