ಮಠದ ಗಂಟೆ, ಊರಿನ ಕರೆ



ಫೆಬ್ರವರಿ 2ರಂದು ಧರ್ಮಸಭೆಯು ಬಾಲಯೇಸುವನ್ನು ದೇವಾಲಯದಲ್ಲಿ ಸಮರ್ಪಿಸಿದ ಹಬ್ಬವನ್ನು ಆಚರಿಸುತ್ತದೆ. ಜಗದ್ಗುರು ಎರಡನೇ ಜಾನ್ ಪಾಲರು 1997ರಲ್ಲಿ ಇದೇ ದಿನವನ್ನು ಸಮರ್ಪಿತ ಜೀವನದ ವಿಶ್ವದಿನವಾಗಿ ಆರಂಭಿಸಿದರು. ಅಂದಿನ ಶುಭಸಂದೇಶದಲ್ಲಿ ಪ್ರವಾದಿನಿ ಅನ್ನಳನ್ನು ಕಾಣುತ್ತೇವೆ. ಹಗಲಿರುಳೆನ್ನದೆ ದೇವಾಲಯದಲ್ಲೇ ಉಪವಾಸ, ಪ್ರಾರ್ಥನೆಗಳಲ್ಲಿ ಇದ್ದವಳು ಆಕೆ. ಮಗುವನ್ನು ಕಂಡ ಗಳಿಗೆಯಲ್ಲೇ ಎದ್ದುಬಂದು, ಬಿಡುಗಡೆಗಾಗಿ ಕಾದಿದ್ದವರಿಗೆಲ್ಲ ಆತನ ವಿಷಯ ಹೇಳತೊಡಗಿದಳು. ಒಳಗೆ ಪ್ರಾರ್ಥನೆ, ಹೊರಗೆ ಸಾಕ್ಷ್ಯ: ಈ ಎರಡನ್ನೂ ಒಂದೇ ಬಾಳಿನಲ್ಲಿ ಉಳಿಸಿಕೊಳ್ಳಲು ನಮ್ಮ ಕನ್ಯಾಸ್ತ್ರೀಯರು ಶತಮಾನಗಳ ಕಾಲ ಹೆಣಗಬೇಕಾಯಿತು.

1298ರಲ್ಲಿ ಜಗದ್ಗುರು ಎಂಟನೇ ಬೋನಿಫಾಸರು ಕನ್ಯಾಸ್ತ್ರೀಯರೆಲ್ಲರೂ ಮಠದ ಗೋಡೆಯೊಳಗೇ ಇರಬೇಕೆಂದು ವಿಧಿಸಿದರು. ಟ್ರೆಂಟ್ ಮಹಾಸಭೆಯ ನಂತರ, 1566ರಲ್ಲಿ, ಐದನೇ ಪಯಸರು ಅದನ್ನೇ ಬಿಗಿಗೊಳಿಸಿದರು. ರೋಗಿಗಳ ಮನೆಬಾಗಿಲಿಗೆ ಹೋಗಬೇಕೆಂದಿದ್ದ ಸ್ತ್ರೀಯರು ಏನು ಮಾಡಬೇಕಿತ್ತು? 1633ರಲ್ಲಿ ಪ್ಯಾರಿಸ್ಸಿನಲ್ಲಿ ಸಂತ ವಿನ್ಸೆಂಟ್ ದ ಪಾಲರೂ ಸಂತ ಲೂಯಿಸಾ ದ ಮರಿಲ್ಲಾಕರೂ ಪ್ರೇಮದ ಪುತ್ರಿಯರ ಸಂಸ್ಥೆಯನ್ನು ಕಟ್ಟಿದಾಗ, ಅದನ್ನು ಮಠವೆಂದು ಕರೆಯದೆ ಜಾಣತನದಿಂದ ನಡೆದುಕೊಂಡರು. ಸರಳ ವ್ರತಗಳ ಇಂಥ ಸಂಸ್ಥೆಗಳು ನೂರಾರಾದವು. ಇವರೂ ನಿಜವಾದ ಸನ್ಯಾಸಿನಿಯರೇ ಎಂದು ರೋಮ್ ಒಪ್ಪಿದ್ದು 1900ರ ಡಿಸೆಂಬರ್ 8ರಂದು, ಜಗದ್ಗುರು 13ನೇ ಲಿಯೋರವರ ಆಜ್ಞಾಪತ್ರದಿಂದ.

ಅಷ್ಟರಲ್ಲಿ ನಮ್ಮ ಕರಾವಳಿಯಲ್ಲಿ ಅವರ ಸೇವೆಗೆ ಮೂವತ್ತು ವರ್ಷ ತುಂಬಿತ್ತು. ಮದರ್ ವೆರೋನಿಕಾ ಅವರು 1868ರಲ್ಲಿ ಫ್ರಾನ್ಸಿನ ಬಯೋನ್‌ನಲ್ಲಿ ಸ್ಥಾಪಿಸಿದ ಅಪೋಸ್ತಲಿಕ್ ಕಾರ್ಮೆಲ್ ಸಭೆಯ ಭಗಿನಿಯರು 1870ರ ನವೆಂಬರಿನಲ್ಲಿ ಮಂಗಳೂರಿಗೆ ಬಂದಿಳಿದು ಹೆಣ್ಣುಮಕ್ಕಳ ಶಿಕ್ಷಣಕ್ಕೆ ಕೈಹಾಕಿದರು. 1921ರಲ್ಲಿ ಅವರೇ ಸಂತ ಆಗ್ನೆಸ್ ಕಾಲೇಜನ್ನು ತೆರೆದರು. ಕಾರ್ಮೆಲ್‌ನ ಮೌನವೂ ತರಗತಿಯ ಗದ್ದಲವೂ ಅವರ ದಿನಚರಿಯಲ್ಲಿ ಒಟ್ಟಿಗೆ ಸೇರಿದವು.

ಶಿಕ್ಷಣಕ್ಕೆ ಒಪ್ಪಿಗೆ ಸಿಕ್ಕಂತೆ ವೈದ್ಯವೃತ್ತಿಗೆ ಸಿಗಲಿಲ್ಲ. ಹೆರಿಗೆ ಮಾಡಿಸುವುದು ವ್ರತಧಾರಿಣಿಯರಿಗೆ ತಕ್ಕದ್ದಲ್ಲ ಎಂಬ ಎಣಿಕೆಯಿತ್ತು. ಗಂಡು ವೈದ್ಯರ ಮುಂದೆ ಬರಲಾಗದ ನಮ್ಮ ದೇಶದ ತಾಯಂದಿರು ಹೆರಿಗೆಯಲ್ಲಿ ಪ್ರಾಣ ಬಿಡುತ್ತಿದ್ದ ಕಾಲವದು. ಆಸ್ಟ್ರೇಲಿಯದ ವೈದ್ಯೆ ಮೇರಿ ಗ್ಲೌರಿ 1920ರಲ್ಲಿ ಗುಂಟೂರಿಗೆ ಬಂದು, ಯೇಸು ಮರಿಯ ಜೋಸೆಫರ ಸಭೆಯನ್ನು ಸೇರಿದರು. ಕನ್ಯಾಸ್ತ್ರೀಯಾಗಿಯೂ ವೈದ್ಯವೃತ್ತಿ ನಡೆಸಲು ಅವರಿಗೆ ಜಗದ್ಗುರು 15ನೇ ಬೆನೆಡಿಕ್ಟರ ವಿಶೇಷ ಅನುಮತಿ ಬೇಕಾಯಿತು. ಎಲ್ಲ ಭಗಿನಿಯರಿಗೂ ಆ ಬಾಗಿಲು ತೆರೆದದ್ದು 1936ರಲ್ಲಿ. 1943ರಲ್ಲಿ ಗ್ಲೌರಿಯವರು ಕಥೋಲಿಕ ಆಸ್ಪತ್ರೆಗಳ ಸಂಘವನ್ನು ಹುಟ್ಟುಹಾಕಿದರು. ಕಥೋಲಿಕ ವೈದ್ಯಕೀಯ ಕಾಲೇಜೊಂದು ಆಗಬೇಕೆಂಬುದು ಅವರ ಹಂಬಲವಾಗಿತ್ತು. 1957ರಲ್ಲಿ ಬೆಂಗಳೂರಿನಲ್ಲೇ ಅವರು ಪ್ರಭುವಿನಲ್ಲಿ ನಿದ್ರೆಹೋದರು. ಆರು ವರ್ಷಗಳ ತರುವಾಯ ಅದೇ ನಗರದಲ್ಲಿ ಸಂತ ಜಾನರ ವೈದ್ಯಕೀಯ ಕಾಲೇಜು ಆರಂಭವಾಯಿತು.

ದ್ವಿತೀಯ ವ್ಯಾಟಿಕನ್ ಮಹಾಸಭೆಯವರೆಗೆ ಹಲವು ಕಾನ್ವೆಂಟುಗಳಲ್ಲಿ ಭಗಿನಿಯರ ಪತ್ರಗಳನ್ನು ಮೊದಲು ಮದರ್ ಓದುತ್ತಿದ್ದರು. ಒಬ್ಬೊಬ್ಬರೇ ಹೊರಗೆ ಹೋಗುವಂತಿರಲಿಲ್ಲ. ಹೆತ್ತವರ ಮನೆಗೆ ಹೋಗುವುದೂ ಅಪರೂಪವೇ. ಓದುಬರಹ ಬಲ್ಲವರು ಒಂದು ವರ್ಗ, ಅಡುಗೆ ತೋಟ ನೋಡಿಕೊಳ್ಳುವವರು ಇನ್ನೊಂದು ವರ್ಗ ಎಂಬ ಭೇದವೂ ಹಲವೆಡೆ ಇತ್ತು. 1965ರ ಅಕ್ಟೋಬರ್ 28ರ ಮಹಾಸಭೆಯ ಆದೇಶವು ಸಭೆಗಳು ತಮ್ಮ ಸ್ಥಾಪಕರ ಮೂಲ ಚೇತನಕ್ಕೆ ಮರಳಬೇಕು, ಕಾಲದ ಅಗತ್ಯಕ್ಕೂ ಹೊಂದಿಕೊಳ್ಳಬೇಕು ಎಂದಿತು. ಸ್ತ್ರೀಯರ ಸಭೆಗಳಲ್ಲಿ ಎಲ್ಲರೂ ಒಂದೇ ವರ್ಗದ ಭಗಿನಿಯರಾಗಬೇಕು, ಉಡುಪು ಸರಳವಾಗಿರಬೇಕು, ಆರೋಗ್ಯಕ್ಕೂ ಕೆಲಸಕ್ಕೂ ಒಗ್ಗಬೇಕು ಎಂದೂ ಹೇಳಿತು. ನಮ್ಮ ನಾಡಿನಲ್ಲಿ ಅನೇಕ ಭಗಿನಿಯರು ಸೀರೆ ಉಟ್ಟರು. ಲತೀನಿನ ಪ್ರಾರ್ಥನೆ ಕನ್ನಡವಾಯಿತು.

ಇಂದು ಭಗಿನಿಯೊಬ್ಬರ ದಿನ ಹೇಗಿರುತ್ತದೆ? ನಸುಕಿನಲ್ಲಿ ಗಂಟೆ, ಧ್ಯಾನ, ಬೆಳಗಿನ ಪ್ರಾರ್ಥನೆ, ಬಲಿಪೂಜೆ. ಉಪಾಹಾರವಾದ ಮೇಲೆ ಒಬ್ಬರು ಶಾಲೆಗೆ, ಒಬ್ಬರು ಆಸ್ಪತ್ರೆಯ ಪಾಳಿಗೆ, ಇನ್ನೊಬ್ಬರು ಬಸ್ಸು ಹತ್ತಿ ಸ್ವಸಹಾಯ ಸಂಘದ ಸಭೆಗೆ. ಸಂಜೆ ಬಟ್ಟೆ ಒಗೆತ, ಲೆಕ್ಕಪತ್ರ, ನಾಳಿನ ಪಾಠದ ತಯಾರಿ. ಜಪಸರ, ಸಾಯಂಪ್ರಾರ್ಥನೆ, ಒಟ್ಟಾಗಿ ಊಟ. ಇದರ ನಡುವೆಯೇ ಧರ್ಮಕೇಂದ್ರದವರು ಬಂದು, ‘ಸಿಸ್ಟರ್, ಭಾನುವಾರದ ಧರ್ಮೋಪದೇಶ ನೀವೇ ನೋಡಿಕೊಳ್ಳಿ, ಪೀಠದ ಹೂವೂ ನಿಮ್ಮದೇ’ ಎನ್ನುತ್ತಾರೆ.

ಅವರ ಸಂಬಳ ಅವರದಲ್ಲ. 1983ರ ಧರ್ಮಸಭಾ ಕಾನೂನಿನ 668ನೇ ವಿಧಿಯಂತೆ, ದುಡಿದದ್ದೆಲ್ಲ ಸಭೆಗೆ ಸೇರುತ್ತದೆ. ಆದರೆ ಸರ್ಕಾರದ ಕಣ್ಣಿನಲ್ಲಿ ಸಂಬಳ ಪಡೆಯುವವರು ಅವರೇ. ಅನುದಾನಿತ ಶಾಲೆಗಳ ಭಗಿನಿಯರ ಮತ್ತು ಗುರುಗಳ ಸಂಬಳದಿಂದಲೂ ಆದಾಯ ತೆರಿಗೆ ಕಡಿಯಬೇಕೆಂಬ ನಿಲುವನ್ನು 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಕಿರಿಯರ ತರಬೇತಿ, ಹಿರಿಯರ ಔಷಧಿ ಎರಡೂ ಅದೇ ಸಂಬಳದಿಂದ ನಡೆಯಬೇಕು. ಸಂಬಳವೇ ಇಲ್ಲದ ಧರ್ಮಕೇಂದ್ರದ ಕೆಲಸಕ್ಕೆ ನಾವು ಕೊಡುವುದೇನು? 2018ರ ಮಾರ್ಚಿನಲ್ಲಿ ವ್ಯಾಟಿಕನ್ನಿನದೇ ಪತ್ರಿಕೆಯ ಮಹಿಳಾ ಪುರವಣಿಯು, ಧರ್ಮಗುರುಗಳ ಮನೆಗಳಲ್ಲಿ ಅಡುಗೆ, ಕಸಮುಸುರೆ ಮಾಡುವ ಭಗಿನಿಯರು ಒಪ್ಪಂದವೂ ಇಲ್ಲದೆ, ಸರಿಯಾದ ಸಂಬಳವೂ ಇಲ್ಲದೆ ದುಡಿಯುತ್ತಿರುವುದನ್ನು ಮುಚ್ಚುಮರೆಯಿಲ್ಲದೆ ಬರೆಯಿತು. ಈ ಮಾತು ಮೊದಲು ತಟ್ಟಬೇಕಾದದ್ದು ಗುರುಗಳಾದ ನಮ್ಮನ್ನೇ. ಬಡತನದ ವ್ರತ ತೊಟ್ಟಿದ್ದಾರೆಂದು ಅವರ ಬೆವರಿಗೆ ಬೆಲೆಯಿಲ್ಲವೇ? ಸೇವೆ ಬೇರೆ, ಜೀತ ಬೇರೆ. ಪ್ರಭು ಸೊಂಟಕ್ಕೆ ವಸ್ತ್ರ ಕಟ್ಟಿಕೊಂಡು ತಾವೇ ಶಿಷ್ಯರ ಪಾದ ತೊಳೆದರು. ತಮ್ಮ ಪಾದ ತೊಳೆಯಿರೆಂದು ಯಾರಿಗೂ ಅಪ್ಪಣೆ ಮಾಡಲಿಲ್ಲ.

ಕಾಲ ಬದಲಾಗುತ್ತಿದೆ. ಜಗತ್ತಿನ ಸಮರ್ಪಿತ ಜೀವನದ ಸಭೆಗಳನ್ನು ನೋಡಿಕೊಳ್ಳುವ ರೋಮಿನ ಇಲಾಖೆಗೆ 2025ರ ಜನವರಿ 6ರಂದು ಜಗದ್ಗುರು ಫ್ರಾನ್ಸಿಸರು ಸಿಸ್ಟರ್ ಸಿಮೋನಾ ಬ್ರಾಂಬಿಲ್ಲಾ ಅವರನ್ನು ಮುಖ್ಯಸ್ಥೆಯಾಗಿ ನೇಮಿಸಿದರು. ಅಂಥ ಹುದ್ದೆಗೆ ಏರಿದ ಮೊದಲ ಮಹಿಳೆ ಅವರು. ನರ್ಸಾಗಿ ತರಬೇತಿ ಪಡೆದವರು.

ಪ್ರಿಯ ಭಕ್ತಾದಿಗಳೇ, ಈ ಹಬ್ಬದಂದು ಮೇಣದ ಬತ್ತಿಗಳನ್ನು ಆಶೀರ್ವದಿಸಿ ಕೈಗೆ ಕೊಡುತ್ತಾರೆ. ಮನೆಗೆ ಒಯ್ಯುವಾಗ ಒಂದು ಮಾತು ನೆನಪಿರಲಿ. ನಿಮ್ಮ ಮಕ್ಕಳಿಗೆ ಶಿಲುಬೆಯ ಗುರುತು ಕಲಿಸಿದ ಭಗಿನಿ ಈಗ ಎಲ್ಲಿದ್ದಾರೆಂದು ವಿಚಾರಿಸಿ. ವಯಸ್ಸಾಗಿ ವಿಶ್ರಾಂತಿಗೃಹದಲ್ಲಿದ್ದರೆ ಮಕ್ಕಳೊಡನೆ ಹೋಗಿ ಒಂದು ಗಳಿಗೆ ಕುಳಿತು ಬನ್ನಿ. ಧರ್ಮಕೇಂದ್ರದ ಪಾಲನಾ ಸಮಿತಿಯವರು ಭಗಿನಿಯರ ಸೇವೆಗೆ ನ್ಯಾಯವಾದ ಸಂಭಾವನೆಯನ್ನು ವರ್ಷದ ಅಂದಾಜುಪಟ್ಟಿಯಲ್ಲೇ ಬರೆದಿಡಿ. ಅನ್ನಳಂತೆ ಪ್ರಭುವಿನ ಸನ್ನಿಧಿಯಲ್ಲಿ ಕುಳಿತು ಪ್ರಾರ್ಥಿಸಲು ಅವರಿಗೂ ಬಿಡುವು ಸಿಗಲಿ. ಪ್ರಭು ಅವರನ್ನೂ ನಮ್ಮನ್ನೂ ಹರಸಲಿ.