ನಿಷ್ಪ್ರತೀಕಾರವೆಂದು ನಿರ್ಣಯಿಸುವವರಾರು?

ಕೃಷ್ಣಾ ತೀರದ ಕುಡಚಿಯಿಂದ ಪಶ್ಚಿಮಕ್ಕೆ ಸಾಗಿದರೆ ದೂಧಗಂಗಾ, ವೇದಗಂಗಾ ನದಿಗಳ ಸೀಮೆಯಲ್ಲಿ ಭೋಜ ಗ್ರಾಮವಿದೆ. ಆಚಾರ್ಯ ಶ್ರೀ ಶಾಂತಿಸಾಗರ ಮಹಾರಾಜರ ಮನೆತನ ಈ ಊರಿನದು. ದೃಷ್ಟಿ ಮಂದವಾಗಿ, ಜೀವಹಿಂಸೆಯಿಲ್ಲದೆ ಹೆಜ್ಜೆಯಿಡುವುದು ದುಸ್ತರವಾದಾಗ ಅವರು ಕುಂಥಲಗಿರಿಯಲ್ಲಿ ಸಲ್ಲೇಖನವನ್ನು ಸ್ವೀಕರಿಸಿ, 1955ರ ಸೆಪ್ಟೆಂಬರ್ 18ರಂದು ಸಮಾಧಿಮರಣವನ್ನೈದಿದರು. ಕಣ್ಣು ಸೋತಿತ್ತು, ಅರಿವು ಸೋತಿರಲಿಲ್ಲ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಲ್ಲೇಖನಕ್ಕೆ ಹೇಳಿರುವ ಸಂದರ್ಭಗಳು ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ ಎಂಬ ನಾಲ್ಕು. ಇವೆಲ್ಲಕ್ಕೂ ಅವರಿಟ್ಟ ನಿಬಂಧನೆ ಒಂದೇ: ಅದು ನಿಷ್ಪ್ರತೀಕಾರವಾಗಿರಬೇಕು, ಅಂದರೆ ಪರಿಹಾರವೇ ಇಲ್ಲದ್ದಾಗಿರಬೇಕು. ಗಂಗರ ಮಾರಸಿಂಹನು 974ರಲ್ಲಿ ಬಂಕಾಪುರದಲ್ಲಿ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ, ರಾಷ್ಟ್ರಕೂಟರ ನಾಲ್ಕನೆಯ ಇಂದ್ರನು 982ರಲ್ಲಿ ಶ್ರವಣಬೆಳಗೊಳದಲ್ಲಿ ಈ ವ್ರತದಿಂದ ದೇಹ ತ್ಯಜಿಸಿದರು. ಚಂದ್ರಗಿರಿಯ ಶಾಸನಗಳಲ್ಲಿ ಯಾವ ಸಿಂಹಾಸನವೂ ಇಲ್ಲದ ಮುನಿಗಳ, ಕಂತಿಯರ ಹೆಸರುಗಳೂ ಇವೆ. ಕಲ್ಲು ಕೆತ್ತಿಸಲು ಧನ ಬೇಕಾಗಿತ್ತು, ವ್ರತಕ್ಕೆ ಬೇಕಾಗಿರಲಿಲ್ಲ.

ತಲೆಗೆ ತೀವ್ರ ಪೆಟ್ಟು ಬಿದ್ದು ಪ್ರಜ್ಞೆ ಕಳೆದುಕೊಂಡವನ ಸ್ಥಿತಿ ಇದಕ್ಕೆ ತೀರ ಭಿನ್ನ. ಅಲ್ಲಿ ಸಂಕಲ್ಪವಿಲ್ಲ, ಆದ್ದರಿಂದ ಸಲ್ಲೇಖನವೂ ಅಲ್ಲ. ನಿರ್ಧಾರ ಅನ್ಯರದು. ಕಬ್ಬು ನುರಿಸುವ ಕಾಲದಲ್ಲಿ ಟ್ರ್ಯಾಕ್ಟರ್‌ಗಳು ತುಂಬಿದ ನಮ್ಮ ರಸ್ತೆಗಳಲ್ಲಿ ಬಿದ್ದವರನ್ನು ಮಿರಜಿಗೋ ಬೆಳಗಾವಿಗೋ ಒಯ್ಯುತ್ತೇವೆ. ವೆಂಟಿಲೇಟರ್ ಹಚ್ಚಿದ ಕೆಲವೇ ದಿನಗಳಲ್ಲಿ ಒಂದು ಮನೆಯವರು ಹೊಲ ಮಾರುವ ಮಾತಾಡುತ್ತಾರೆ. ಇನ್ನೊಂದು ಮನೆಯವರು ಮತ್ತೊಂದು ತಿಂಗಳು ನೋಡೋಣವೆನ್ನುತ್ತಾರೆ. ಬಡವರು ‘ವೈದ್ಯರ ಸಲಹೆಗೆ ವಿರುದ್ಧವಾಗಿ’ ಎಂಬ ಕಾಗದಕ್ಕೆ ರುಜು ಹಾಕಿ ರೋಗಿಯನ್ನು ಮನೆಗೆ ತರುತ್ತಾರೆ. ಕಾಗದದಲ್ಲಿ ಅದು ಕುಟುಂಬದ ಇಚ್ಛೆ. ನಿಜದಲ್ಲಿ ಹಣದ ಕೊರತೆ. ಸಿರಿವಂತರಲ್ಲಿ ಇನ್ನೊಂದು ಸಂಕಟ: ಆಸೆ ಮುಗಿದ ಮೇಲೂ ‘ಸಾಕು’ ಎನ್ನುವ ಧೈರ್ಯ ಯಾರಿಗೂ ಇರುವುದಿಲ್ಲ. ಹೀಗೆ ಯಾವುದು ನಿಷ್ಪ್ರತೀಕಾರ ಎಂಬುದನ್ನು ರೋಗವಲ್ಲ, ಕಿಸೆಯೇ ನಿರ್ಣಯಿಸುತ್ತಿದೆ. ಬಿದ್ದವಳು ಸೊಸೆಯಾಗಿದ್ದರೆ ಈ ಲೆಕ್ಕ ಇನ್ನೂ ಬೇಗ ಮುಗಿಯುವುದುಂಟು. ಹೇಳಲು ನಾಚಿಕೆಯಾದರೂ ಹೇಳಲೇಬೇಕಾಗಿದೆ.

ಹೊನ್ನಾವರ ತಾಲೂಕಿನ ಹಳದೀಪುರದ ಅರುಣಾ ಶಾನಭಾಗ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದರು. 1973ರ ನವೆಂಬರ್ 27ರ ಅಮಾನುಷ ಹಲ್ಲೆಯಲ್ಲಿ ಮಿದುಳಿಗೆ ಪ್ರಾಣವಾಯು ತಪ್ಪಿ, 2015ರ ಮೇ 18ರಂದು ತೀರಿಕೊಳ್ಳುವವರೆಗೆ ನಾಲ್ವತ್ತೊಂದು ವರ್ಷಗಳಿಗೂ ಮಿಕ್ಕಿ ಅದೇ ಆಸ್ಪತ್ರೆಯಲ್ಲಿದ್ದರು. ಆಹಾರ ನಿಲ್ಲಿಸಬೇಕೆಂಬ ಅರ್ಜಿಯನ್ನು ಸರ್ವೋಚ್ಚ ನ್ಯಾಯಾಲಯ 2011ರ ಮಾರ್ಚ್ 7ರಂದು ತಿರಸ್ಕರಿಸಿ, ಆಕೆಯ ಪರವಾಗಿ ಮಾತಾಡುವ ಹಕ್ಕು ಆಸ್ಪತ್ರೆಯ ಸಿಬ್ಬಂದಿಗೆ ಸೇರಿದ್ದೆಂದಿತು. ಆ ದಾದಿಯರ ಸೇವೆ ನಮ್ಮ ಆಗಮಗಳು ಹೇಳುವ ವೈಯಾವೃತ್ಯಕ್ಕೆ ಸಮಾನವಾದುದು. ಆದರೆ ಅದು ಪಾಲಿಕೆಯ ಆಸ್ಪತ್ರೆ, ಆಕೆ ಅಲ್ಲಿಯವರೇ. ದಿನದಿನದ ಬಿಲ್ಲು ಬರುವ ಕಡೆ ರಾಯಬಾಗದ ಒಬ್ಬ ಕೂಲಿಕಾರಳಿಗೆ ನಾಲ್ವತ್ತು ವರ್ಷವಿರಲಿ, ನಾಲ್ವತ್ತು ದಿನ ದೊರೆತೀತೇ?

2018ರ ಮಾರ್ಚ್ 9ರ ತೀರ್ಪು, ಪ್ರಜ್ಞೆಯಿರುವಾಗಲೇ ಮುಂದಿನ ಚಿಕಿತ್ಸೆಯ ಬಗ್ಗೆ ಇಚ್ಛಾಪತ್ರ ಬರೆದಿಡುವುದಕ್ಕೆ ಮಾನ್ಯತೆಯಿತ್ತಿತು. ಅಂದು ಅದಕ್ಕೆ ಮ್ಯಾಜಿಸ್ಟ್ರೇಟರ ಸಹಿ ಬೇಕಾಗಿತ್ತು. 2023ರ ಜನವರಿಯಲ್ಲಿ ನಿಯಮ ಸಡಿಲವಾಗಿ, ಇಬ್ಬರು ಸಾಕ್ಷಿಗಳ ಜೊತೆಗೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕೆಂದಾಯಿತು. 2025ರ ಜನವರಿ 30ರಂದು ಕರ್ನಾಟಕ ಸರಕಾರ ಇದರ ಜಾರಿಗೆ ಸುತ್ತೋಲೆ ಹೊರಡಿಸಿತು. ಜೀವಾಧಾರ ಚಿಕಿತ್ಸೆ ನಿಲ್ಲಿಸಲು ಎರಡು ವೈದ್ಯಮಂಡಲಿಗಳು ಒಪ್ಪಬೇಕು. ಪತ್ರವಿಲ್ಲದಿದ್ದರೆ ಮನೆಯವರ ಸಮ್ಮತಿಯೂ ಬೇಕು. ಕಾಗದಕ್ಕೆ ರುಜು ಹಾಕಿ ಮನೆಗೆ ತಂದವನ ಬಳಿಗೆ ಯಾವ ಮಂಡಲಿಯೂ ಬರುವುದಿಲ್ಲ.

ನಮ್ಮ ಬಸದಿಗಳ ಟ್ರಸ್ಟುಗಳಲ್ಲಿ ಆಹಾರ, ಅಭಯ, ಶಾಸ್ತ್ರದಾನಗಳ ಜೊತೆಗೆ ಔಷಧದಾನವೆಂದೂ ಹಣ ಎತ್ತುತ್ತೇವೆ. ಹೆಚ್ಚಾಗಿ ಅದು ಗುಳಿಗೆಗಳಿಗೆ, ಶಿಬಿರಗಳಿಗೆ ವೆಚ್ಚವಾಗುತ್ತದೆ. ಹಾಸಿಗೆ ಹಿಡಿದವನ ಗಾಳಿಹಾಸಿಗೆ, ಮೂಗಿನ ನಳಿಕೆ, ಕೂಲಿ ಬಿಟ್ಟು ಬಳಿಯಲ್ಲಿ ಕುಳಿತ ಹೆಂಡತಿಯ ದಿನಗೂಲಿ ಇವೂ ಅದೇ ದಾನದ ಲೆಕ್ಕಕ್ಕೆ ಬರಬಹುದಲ್ಲವೇ? ದಶಲಕ್ಷಣ ಪರ್ವದಲ್ಲಿ ಊರೆಲ್ಲ ಬಸದಿಯಲ್ಲಿ ಸೇರಿದಾಗ, ಇಚ್ಛಾಪತ್ರ ಬರೆಯುವ ಕ್ರಮವನ್ನು ವಕೀಲರೊಬ್ಬರು ತಿಳಿಗನ್ನಡದಲ್ಲಿ ವಿವರಿಸಲು ಅರ್ಧ ಗಂಟೆ ಸಾಕು.